ಮನೆಯಿಂದ ಒಂದು ಪ್ರಶ್ನೆ

ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮೂರ ಅಕ್ಕಿ ಗಿರಣಿಯ ಚನ್ನಬಸಪ್ಪ ಸಾಹುಕಾರರು. ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರೂ ಅವರೇ ಆಗಿದ್ದರಿಂದ ಆ ಮಾತಿಗೆ ತೂಕವಿತ್ತು. ಎರಡನೆಯವಳು ನಮ್ಮಜ್ಜಿ ಹುಲಿಗೆಮ್ಮ. ಅವಳು ಯಾವ ಸಮಿತಿಯಲ್ಲೂ ಇರಲಿಲ್ಲ, ಆದರೆ ನಮ್ಮ ಮನೆಯ ಮಟ್ಟಿಗೆ ಅವಳ ಮಾತೇ ಸಾಹುಕಾರರ ಮಾತಿಗಿಂತ ಭಾರ. ಕಂಪ್ಲಿ ರಸ್ತೆಯ ಸರ್ಕಾರಿ ಶಾಲೆಯಲ್ಲಿ ಏಳರ ತನಕ ಕನ್ನಡದಲ್ಲಿ ಓದಿದ, ಬಾಳೆ ತೋಟದ ಕೂಲಿಯವರ ಮನೆಯ ಹುಡುಗಿ, ಇಂಗ್ಲಿಷಿನಲ್ಲಿ ವಿಜ್ಞಾನ ಕಲಿತು ಡಿಗ್ರಿ ತರುವುದು ಆಗದ ಹೋಗದ ಮಾತು ಎಂದು ಇಬ್ಬರೂ ಬೇರೆ ಬೇರೆ ಕಟ್ಟೆಯ ಮೇಲೆ ಕೂತು ಹೇಳಿದರು.

ಆಗುತ್ತದೆ ಎಂದವರು ಒಬ್ಬರೇ. ಅವರೂ ಬಾಯಿಬಿಟ್ಟು ಹೇಳಿದ್ದು ಕಡಿಮೆ. ಕೈಯಲ್ಲಿನ ಹಸಿರು ಗಾಜಿನ ಬಳೆಗಳನ್ನು ಮೊಣಕೈ ಕಡೆಗೆ ಸರಕ್ಕನೆ ಏರಿಸಿದರು, ಅಷ್ಟೇ. ನಮ್ಮ ಕಡೆ ಹೆಂಗಸರು ರೊಟ್ಟಿ ಹಿಟ್ಟು ನಾದುವ ಮೊದಲು ಹಾಗೆ ಬಳೆ ಏರಿಸುತ್ತಾರೆ. ವಿಶಾಲಾಕ್ಷಿ ಮೇಡಂ ಬಳೆ ಏರಿಸಿದರೆಂದರೆ ಆ ಪಾಠ ನಮ್ಮ ತಲೆಗೆ ಇಳಿಯುವ ತನಕ ಯಾರಿಗೂ ಮನೆಯಿಲ್ಲ ಎಂದು ತರಗತಿಯ ಮೂಲೆಯಲ್ಲಿ ಕೂತವರಿಗೂ ತಿಳಿಯುತ್ತಿತ್ತು.

ಅವರು ದಿನಾ ಹೊಸಪೇಟೆಯಿಂದ ಬೆಳಗಿನ ಕಂಪ್ಲಿ ಬಸ್ಸಿಗೆ ಬರುತ್ತಿದ್ದರು. ಗಿಡ್ಡ ಆಳು, ಅಗಲ ಭುಜ, ಆಳಿಗೆ ಮೀರಿದ ಉದ್ದ ಹೆಜ್ಜೆ. ವಿಜ್ಞಾನದ ಮೇಡಂ ಎಂದು ಬಂದವರು. ಇಂಗ್ಲಿಷಿಗೆ ಮೇಷ್ಟರು ಇಲ್ಲದ್ದರಿಂದ ಅದನ್ನೂ ಹೊತ್ತುಕೊಂಡರು. ಇಂಗ್ಲಿಷ್ ಎಂದರೆ ನಮಗೆ ಮೂಗಿನಲ್ಲಿ ಹೊರಡಿಸುವ ಒಂದು ದನಿ ಎಂಬ ಕಲ್ಪನೆಯಿತ್ತು. ಮೇಡಂ ಅದನ್ನು ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವ ದನಿಯಲ್ಲೇ ಮಾತಾಡಿದರು. ಮೊದಲ ದಿನ ನಾವು ನಕ್ಕೆವು. ಅವರೂ ನಕ್ಕು, "ಯಾಕ, ನನ್ನ ದನಿ ನನ್ನ ಹತ್ರ ಇರಬಾರ್ದೇನು? ಭಾಷೆ ಬದಲ್ ಮಾಡ್ತೀನಿ, ಗಂಟಲು ಬದಲ್ ಮಾಡಂಗಿಲ್ಲ" ಎಂದರು.

ಇನ್ನೊಂದು ಅಭ್ಯಾಸವಿತ್ತು. ಯಾರಾದರೂ ಉತ್ತರವನ್ನು ಬಾಯೊಳಗೇ ಗೊಣಗಿದರೆ ಅಂಗೈಯನ್ನು ಕಿವಿಗೆ ಬಟ್ಟಲಿನಂತೆ ಹಿಡಿದು "ಕೇಳ್ಸಲಿಲ್ಲ" ಎನ್ನುವರು. ಅವರಿಗೆ ಎಲ್ಲ ಕೇಳಿಸಿರುತ್ತಿತ್ತು. ತಪ್ಪು ಉತ್ತರಕ್ಕೂ ಅದೇ ಮಾತು, ಸರಿ ಉತ್ತರಕ್ಕೂ ಅದೇ ಮಾತು. ಜೋರಾಗಿ ಹೇಳುವ ತನಕ ತಪ್ಪೋ ಸರಿಯೋ ಗೊತ್ತಾಗುತ್ತಿರಲಿಲ್ಲ. ಹೀಗಾಗಿ ನಾವು ತಪ್ಪನ್ನೂ ಎದೆಯೆತ್ತಿ ಹೇಳುವುದನ್ನು ಕಲಿತೆವು.

ನಾನು ಎಂಟನೇ ತರಗತಿಗೆ ಬಂದ ವರ್ಷ ನಮ್ಮ ಶಾಲೆಗೆ ಇಂಗ್ಲಿಷ್ ಮಾಧ್ಯಮದ ಒಂದು ವಿಭಾಗ ಮಂಜೂರಾಯಿತು. ನನ್ನನ್ನೂ ಅದಕ್ಕೇ ಹಾಕಿದರು, ಊರಿಗೆ ಊರೇ ಖುಷಿಪಟ್ಟಿತು. ಆದರೆ ಮೇಡಂ ಆ ತರಗತಿಯ ಕರಿಹಲಗೆಯ ಮೇಲೆ ಎರಡು ಗೆರೆ ಎಳೆದು ಮೂರು ಪಾಲು ಮಾಡಿದರು. ಎಡಗಡೆ 'ಕಟ್ಟಿ ಮಾತು', ನಡುವೆ 'ಪುಸ್ತಕದ ಮಾತು', ಬಲಗಡೆ 'ಇಂಗ್ಲಿಷ್'. ಯಾವ ವಿಷಯವಾದರೂ ಮೊದಲು ನಾವು ಮನೆಯ ಮುಂದಿನ ಕಟ್ಟೆಯ ಮೇಲೆ ಮಾತಾಡುವಂತೆ ಹೇಳಬೇಕು. ಆಮೇಲೆ ಅದನ್ನೇ ಪುಸ್ತಕದ ಕನ್ನಡದಲ್ಲಿ. ಕೊನೆಗೆ ಇಂಗ್ಲಿಷಿನಲ್ಲಿ. "ನಿಮಗ ಪುಸ್ತಕದ ಕನ್ನಡನ ಎರಡನೇ ಭಾಷೆ. ಅದನ್ನ ಯಾರೂ ಒಪ್ಪಂಗಿಲ್ಲ. ಒಂದು ಮೆಟ್ಟಿಲು ಇಲ್ದ ಮ್ಯಾಲಿನ ಮೆಟ್ಟಿಲಿಗೆ ಹಾರು ಅಂದ್ರ ಕಾಲು ಮುರೀತೈತಿ" ಎನ್ನುತ್ತಿದ್ದರು. ತಾಂಡಾದಿಂದ ಬರುತ್ತಿದ್ದ ಕಮಲಿಬಾಯಿ ಮನೆಯಲ್ಲಿ ಲಂಬಾಣಿ ಆಡುವವಳು. ಅವಳು ಮೊದಲ ಮೆಟ್ಟಿಲನ್ನು ಲಂಬಾಣಿಯಲ್ಲೇ ಹೇಳಬೇಕಿತ್ತು. "ನಿಮಗ ತಿಳಿಯಂಗಿಲ್ಲಲ್ರೀ ಮೇಡಂ" ಎಂದು ಅವಳು ನಾಚಿದರೆ, "ನನಗ್ಯಾಕ ತಿಳೀಬೇಕು? ನಿನಗ ತಿಳೀಬೇಕು. ಹೇಳು" ಎಂದು ಕಿವಿಗೆ ಕೈ ಹಿಡಿಯುತ್ತಿದ್ದರು.

ಇಂಗ್ಲಿಷ್ ಮಾಧ್ಯಮದಲ್ಲಿ ಕಟ್ಟೆ ಮಾತು ನಡೆದಿದೆ ಎಂಬ ಸುದ್ದಿ ಗಿರಣಿಗೆ ಮುಟ್ಟಲು ತಡವಾಗಲಿಲ್ಲ. ಸಮಿತಿಯ ಸಭೆ ಶಾಲೆಯ ವರಾಂಡದಲ್ಲಿ ಸೇರಿತು. ನಾವು ಕಿಟಕಿಯ ಒಳಗಿನಿಂದ ಕೇಳುತ್ತಿದ್ದೆವು.

"ಮೇಡಂನೋರ, ಕೆಟ್ಟದ್ ಅನ್ಕೋಬ್ಯಾಡ್ರಿ" ಎಂದು ಸಾಹುಕಾರರು ಶುರು ಮಾಡಿದರು. "ಕಂಪ್ಲ್ಯಾಗಿನ ಕಾನ್ವೆಂಟ್‌ನ್ಯಾಗ ಕನ್ನಡ ಮಾತಾಡಿದ್ರ ದಂಡ ಹಾಕ್ತಾರ. ನೀವು ನೋಡಿದ್ರ ಕನ್ನಡ ಮಾತಾಡದಿದ್ರ ಬಿಡಂಗಿಲ್ಲ ಅಂತೀರಿ. ಇದು ಸೋನಾ ಮಸೂರಿಗೆ ರೇಷನ್ ಅಕ್ಕಿ ಬೆರ್ಸಿದಂಗಾತು. ಎರಡೂ ಕೆಡ್ತಾವು. ಈ ಮಕ್ಕಳಿಗೆ ಮೊದ್ಲ ಬರಂಗಿಲ್ಲ, ಬೆರಕಿ ಮಾಡಿದ್ರ ಜನ್ಮದಾಗ ಬರಂಗಿಲ್ಲ."

"ಸಾಹುಕಾರ್ರ, ನಿಮ್ಮ ಗಿರಣಿಗೆ ಭತ್ತ ಬರ್ತೈತೋ ಅಕ್ಕಿ ಬರ್ತೈತೋ?"

"ಭತ್ತ ಬರ್ತೈತಿ. ಅದೇನ್ ಕೇಳ್ತೀರಿ?"

"ಹೊಟ್ಟು ಯಾಕ ಹೊತ್ಕೊಂಡು ಬರ್ತೈತಿ? ಹೊಲದಾಗ ಸೀದಾ ಅಕ್ಕಿನ ಬಿತ್ತಿ ಬೆಳಕೋಬಹುದಿತ್ತಲ್ಲ."

ವರಾಂಡದಲ್ಲಿ ಯಾರೋ ಕಿಸಕ್ಕೆಂದರು. ಸಾಹುಕಾರರು ಸಿಟ್ಟಾಗಲಿಲ್ಲ, ಮೀಸೆ ಒರೆಸಿಕೊಂಡರು. "ಮಾತಿಗೆ ನೀವು ಗಟ್ಟಿ. ಆದ್ರ ನೋಡ್ತಿರ್ರಿ, ಆಗಂಗಿಲ್ಲ ಇದು" ಎಂದು ಎದ್ದು ಹೋದರು. ಮುಂದಿನ ವಾರ ಗಿರಣಿ ಓಣಿಯ ಮಕ್ಕಳು ಹಳದಿ ವ್ಯಾನು ಹತ್ತಿ ಕಂಪ್ಲಿಗೆ ಹೊರಟರು. ನಮ್ಮ ತರಗತಿಯಲ್ಲಿ ಹಿಂದಿನ ಬೆಂಚುಗಳು ಖಾಲಿಯಾದವು. ಮೇಡಂ ಆ ಬೆಂಚುಗಳನ್ನು ಹೊರಗೆ ಹಾಕಿಸಿ, ಉಳಿದ ನಮ್ಮನ್ನು ಇನ್ನೂ ಮುಂದಕ್ಕೆ ಎಳೆದು ಕೂರಿಸಿಕೊಂಡರು.

ಹಾಗೆಂದು ಮೇಡಂ ತಪ್ಪೇ ಮಾಡಲಿಲ್ಲ ಎಂದಲ್ಲ. ಒಂದು ಶನಿವಾರ ನಮ್ಮನ್ನೆಲ್ಲ ಟೆಂಪೋದಲ್ಲಿ ಹಂಪಿಗೆ ಕರೆದೊಯ್ದರು. ವಿರೂಪಾಕ್ಷ ಗುಡಿಯ ಮುಂದಿನ ಬೀದಿಯಲ್ಲಿ ನಿಲ್ಲಿಸಿ, ಒಬ್ಬೊಬ್ಬರೂ ಒಬ್ಬ ವಿದೇಶಿಯನ್ನು ಇಂಗ್ಲಿಷಿನಲ್ಲಿ ಮಾತಾಡಿಸಿ ಬನ್ನಿ ಎಂದರು. ನಮಗೆ ಕೇಳಲು ಏನೂ ಇರಲಿಲ್ಲ. ಹೆಸರೇನು, ಯಾವ ದೇಶ ಎಂಬ ಎರಡು ವಾಕ್ಯ ಗೊತ್ತಿದ್ದವು. ಯೂನಿಫಾರ್ಮಿನ ಮಕ್ಕಳೆಲ್ಲ ಓಡಿ ಹೋಗಿ ಅದನ್ನೇ ಕೇಳಿದೆವು. ಬಿಳಿ ಕೂದಲಿನ ಒಬ್ಬ ಹೆಂಗಸು ನನ್ನ ಕೆನ್ನೆ ಸವರಿ, ಚೀಲದಿಂದ ಬಿಸ್ಕೀಟಿನ ಪೊಟ್ಟಣ ತೆಗೆದು ಕೈಗಿಟ್ಟು, ಇನ್ನು ಹೋಗು ಎನ್ನುವಂತೆ ಕೈಸನ್ನೆ ಮಾಡಿದಳು. ನಾನು ಅದನ್ನು ಹಿಡಿದುಕೊಂಡೇ ಮೇಡಂ ಹತ್ತಿರ ಬಂದೆ. ನಾನು ಗೆದ್ದೆನೆಂದೇ ತಿಳಿದಿದ್ದೆ.

ಮೇಡಂ ಮುಖ ಇಳಿದು ಹೋಯಿತು. ನನ್ನನ್ನು ಕರೆದುಕೊಂಡು ಹೋಗಿ ಆ ಪೊಟ್ಟಣವನ್ನು ಹೆಂಗಸಿಗೆ ಹಿಂದಿರುಗಿಸಿದರು. ನಗುನಗುತ್ತಲೇ ಏನೋ ಹೇಳಿದರು, ಆಕೆಯೂ ಕೆಂಪಗಾಗಿ ಕೈಮುಗಿದಳು. ಬಳಿಕ ನಮ್ಮನ್ನೆಲ್ಲ ಕಲ್ಲುಮಂಟಪದ ನೆರಳಿಗೆ ಕೂರಿಸಿ, "ತಪ್ಪು ನಂದು" ಎಂದರು. "ಕೇಳೋದು ಏನಾರ ಇದ್ರ ಕೇಳ್ಬೇಕು. ಕೇಳೋದ ಇಲ್ದ ಬಾಯಿ ತಗದ್ರ ಎದುರಿನವ್ರಿಗೆ ಅದು ಬೇಡಿದಂಗ ಕಾಣ್ತೈತಿ."

ಅಷ್ಟರಲ್ಲಿ ಬೀದಿಯ ಆ ಕಡೆ ನಮ್ಮ ಹನುಮಂತಣ್ಣನ ಆಟೋ ನಿಂತಿತ್ತು. ಹನುಮಂತಣ್ಣ ನನ್ನ ದೊಡ್ಡಪ್ಪನ ಮಗ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಕನ್ನಡದಲ್ಲಿ ಓದಿ ಹತ್ತನೇ ತರಗತಿಯಲ್ಲಿ ಶಾಲೆಗೇ ಮೊದಲು ಬಂದವನು, ಹೊಸಪೇಟೆಯಲ್ಲಿ ಪಿಯು ಸೈನ್ಸಿಗೆ ಸೇರಿದ. ಅಲ್ಲಿ ಎಲ್ಲ ಇಂಗ್ಲಿಷ್. ದೀಪಾವಳಿಗೆ ಮನೆಗೆ ಬಂದವನು ತಿರುಗಿ ಹೋಗಲಿಲ್ಲ. ಅವನ ಹೆಸರು ಹೇಳಿಯೇ ಅಜ್ಜಿ ನಮ್ಮನ್ನೆಲ್ಲ ಹೆದರಿಸುತ್ತಿದ್ದಳು. ಆ ಹನುಮಂತಣ್ಣ ಅಂದು ಇಬ್ಬರು ವಿದೇಶಿಯರ ಜತೆ ಪಟಪಟ ಇಂಗ್ಲಿಷಿನಲ್ಲಿ ವಾದಕ್ಕೆ ನಿಂತಿದ್ದ. ವಿಠ್ಠಲ ಗುಡಿಗೆ ಹೋಗುವ ದಾರಿ ಯಾವುದು, ಎಲ್ಲಿ ಇಳಿದು ನಡೆಯಬೇಕು, ಮತಂಗ ಗುಡ್ಡದಿಂದ ಸೂರ್ಯ ಮುಳುಗುವುದನ್ನು ನೋಡಲು ಎಷ್ಟು ಹೊತ್ತಿಗೆ ಹತ್ತಬೇಕು ಎಂದು ಎರಡೂ ಕೈ ಬೀಸಿ ಹೇಳುತ್ತಿದ್ದ. ಮೇಡಂ ಅವನನ್ನೇ ನೋಡುತ್ತ ನಿಂತು, ನನ್ನ ಕಡೆ ತಿರುಗಿದರು.

"ಪಂಪಿ, ಅವಂಗ ಇಂಗ್ಲಿಷ್ ಬರಂಗಿಲ್ಲ ಅಂತ ವಾಪಸ್ ಬಂದ ಅಂದ್ಯಲ್ಲ?"

"ಹೌದ್ರಿ."

"ಈಗ ಹೆಂಗ ಬಂತು? ಮೊದ್ಲ ಅವಂಗ ದಾರಿ ಗೊತ್ತೈತಿ. ದಾರಿ ಗೊತ್ತಿದ್ದವಂಗ ಮಾತು ತಾನ ಹಿಂದ ಬರ್ತೈತಿ. ಕಾಲೇಜಿನ್ಯಾಗ ಅವಂಗ ಬರೇ ಇಂಗ್ಲಿಷ್ ಮಾತು ಕೊಟ್ರು, ದಾರಿ ತೋರ್ಸಲಿಲ್ಲ."

ಅಂದಿನಿಂದಲೇ ಮನೆಪ್ರಶ್ನೆ ಶುರುವಾದದ್ದು. ಅವತ್ತಿನ ಪಾಠವನ್ನು ಸಂಜೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರಿಗೆ ಕಟ್ಟೆ ಮಾತಿನಲ್ಲಿ ಹೇಳಬೇಕು. ಕೇಳಿದವರು ಒಂದು ಪ್ರಶ್ನೆ ಹಾಕಬೇಕು. ಆ ಪ್ರಶ್ನೆಯನ್ನು ಮಾರನೆಯ ದಿನ ತರಗತಿಗೆ ತರಬೇಕು. ಉತ್ತರವನ್ನು ನಾವೆಲ್ಲ ಸೇರಿ ಮೂರು ಮೆಟ್ಟಿಲು ಹತ್ತಿಸಿ ಇಂಗ್ಲಿಷಿಗೆ ಮುಟ್ಟಿಸಬೇಕು. ಪ್ರಶ್ನೆ ತರದವರಿಗೆ ಅಂದು ಮೇಡಂ ಹೊಸ ಪಾಠ ಹೇಳುತ್ತಿರಲಿಲ್ಲ. "ನಿಮ್ಮ ಮನ್ಯಾಗ ಇನ್ನೂ ನಿನ್ನಿ ಪಾಠ ಮುಗಿದಿಲ್ಲ" ಎಂದು ಬಿಡುತ್ತಿದ್ದರು.

ನಮ್ಮ ಮನೆಯಲ್ಲಿ ಹಿರಿಯಳೆಂದರೆ ಅಜ್ಜಿ. ಕಮಲಾಪುರದ ಕಡೆಯ ತೋಟಗಳಲ್ಲಿ ಬಾಳೆಗೊನೆ ಕಡಿದು ಹೊರುವ ಗುಂಪಿನಲ್ಲಿ ಅಪ್ಪ ಅವ್ವನ ಜತೆ ಅವಳೂ ಹೋಗುತ್ತಿದ್ದಳು. ಸಂಜೆ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಎಲೆ ಅಡಿಕೆ ಹಾಕುವಾಗ ನಾನು ಹೋಗಿ ಪಕ್ಕದಲ್ಲಿ ಕೂತೆ. ಗಿಡ ಬಿಸಿಲು ಕುಡಿದು ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ ಎಂದು ಹೇಳಿದೆ.

"ಏನ್ಲೇ, ಸಾಲ್ಯಾಗ ಇದನ್ನ ಹೇಳ್ಕೊಡ್ತಾರೇನು? ಹೋಗಿ ನೀರ್ ತುಂಬು."

"ಅಜ್ಜಿ, ನೀ ಒಂದು ಪ್ರಶ್ನೆ ಕೇಳ್ದಿದ್ರ ನಾಳಿ ನನಗ ಪಾಠ ಇಲ್ಲ."

"ಅಲೆಲೆಲೆ, ಇದೊಂದು ಹೊಸಾ ಪೀಡಾ." ಅವಳು ಎಲೆಯ ತೊಟ್ಟು ಮುರಿದು ಎಸೆದಳು. ಸುಣ್ಣ ಸವರುತ್ತ, "ಹಂಗಾರ ರಾತ್ರಿ ಏನ್ ಮಾಡ್ತೈತಿ ಗಿಡ? ಬಿಸಲ ಇರಂಗಿಲ್ಲ. ಉಪಾಸ ಮಲಗ್ತೈತೇನು?" ಎಂದಳು.

ಮಾರನೆಯ ದಿನ ಆ ಪ್ರಶ್ನೆ ಹೇಳಿದಾಗ ಮೇಡಂ ಬಳೆ ಏರಿಸಿದರು. ಆ ಒಂದು ಪ್ರಶ್ನೆಗೆ ಇಡೀ ಬೆಳಗು ಹೋಯಿತು. ಗಿಡ ಹಗಲು ಮಾಡಿಟ್ಟ ಅಡುಗೆಯನ್ನು ರಾತ್ರಿ ಉಣ್ಣುತ್ತದೆ, ಉಸಿರೂ ಆಡುತ್ತದೆ ಎಂದು ಕಟ್ಟೆ ಮಾತಿನಲ್ಲಿ ಜಗಳಾಡಿ ಒಪ್ಪಿಕೊಂಡು, ಪಿಷ್ಟ, ಉಸಿರಾಟ ಎಂದು ಪುಸ್ತಕಕ್ಕೆ ಹತ್ತಿ, ಇಂಗ್ಲಿಷಿಗೆ ಬರುವ ಹೊತ್ತಿಗೆ ಊಟದ ಗಂಟೆ ಹೊಡೆದಿತ್ತು. ಯಾರೂ ಏಳಲಿಲ್ಲ. ಆ ಇಂಗ್ಲಿಷ್ ವಾಕ್ಯಗಳನ್ನು ನಾನು ಇವತ್ತಿಗೂ ಮರೆತಿಲ್ಲ. ನಾನು ಉರು ಹೊಡೆಯದೆ ಕಲಿತ ಮೊದಲ ಇಂಗ್ಲಿಷ್ ಅದು.

ಅಜ್ಜಿಗೆ ಉತ್ತರ ಒಯ್ದು ಒಪ್ಪಿಸಿದೆ. "ಹಂಗ ಬಾ" ಎಂದು ತಲೆ ಆಡಿಸಿದಳು. ಮರುದಿನ ನಾನು ಬಾಯಿ ತೆಗೆಯುವ ಮೊದಲೇ "ಇವತ್ತೇನ್ ಹೇಳಿದ್ರು ನಿಮ್ಮ ಟೀಚರಮ್ಮ?" ಎಂದು ಕೇಳಿದಳು. ಹರಿಗೋಲು ಯಾಕೆ ಮುಳುಗುವುದಿಲ್ಲ ಎಂದು ಹೇಳಿದರೆ, "ಮುಳುಗದಿದ್ರ ಬಿಡು, ತಿರುಗೋದ್ಯಾಕ?" ಎನ್ನುವಳು. ಬರಬರುತ್ತ ಅವಳು ತೋಟದಲ್ಲೇ ನಾಲ್ಕು ಜನರನ್ನು ಕೇಳಿ ಪ್ರಶ್ನೆ ತಯಾರು ಮಾಡಿಕೊಂಡು ಬರತೊಡಗಿದಳು. ಕೆಲವು ಪ್ರಶ್ನೆಗಳಿಗೆ ಮೇಡಂಗೂ ಉತ್ತರ ಗೊತ್ತಿರಲಿಲ್ಲ. "ಇದು ನನಗೂ ಬರಂಗಿಲ್ಲ, ಹುಡುಕಿ ಹೇಳ್ತೀನಿ ಅಂತ ಅಜ್ಜಿಗೆ ಹೇಳು" ಎಂದು ಕಳಿಸುತ್ತಿದ್ದರು. ಅಜ್ಜಿಗೆ ಅಂಥ ದಿನ ಭಾಳ ಸಂತೋಷ. ಇಷ್ಟಾದರೂ ಅವಳ ಮೂಲ ಮಾತು ಬದಲಾಗಲಿಲ್ಲ. ಹತ್ತರ ತನಕ ಸರಿ, ಮುಂದೆ ಸೈನ್ಸ್ ಬೇಡ, ಹನುಮಂತನ ಗತಿ ಇನ್ನೊಬ್ಬರಿಗೆ ಬೇಡ.

ಹತ್ತನೇ ತರಗತಿ ಪಾಸಾದೆ. ನಮ್ಮ ತರಗತಿಯಲ್ಲಿ ಯಾರೂ ಫೇಲಾಗಲಿಲ್ಲ. ನಾನು ಪಿಯು ಸೈನ್ಸಿಗೆ ಸೇರುತ್ತೇನೆಂದು ಮೇಡಂಗೆ ಹೇಳಿದ್ದೆ, ಮನೆಯಲ್ಲಿ ಹೇಳುವ ಧೈರ್ಯವಿರಲಿಲ್ಲ. ಅಜ್ಜಿ ಹಗಲು ಮನೆಯಲ್ಲಿ ಸಿಗುವುದಿಲ್ಲ ಎಂದು ತಿಳಿದು ಮೇಡಂ ಸೀದಾ ಬಾಳೆ ತೋಟಕ್ಕೇ ಬಂದರು. ಗೊನೆ ಕಡಿಯುವ ಕೆಲಸ ಭರದಲ್ಲಿತ್ತು. ಟ್ರ್ಯಾಕ್ಟರು ಕಾಯುತ್ತಿತ್ತು.

"ಬರ್ರಿ ಟೀಚರಮ್ಮ, ಕುಂದ್ರಿ ಅನ್ನಾಕ ಇಲ್ಲಿ ಕುರ್ಚಿ ಇಲ್ಲ" ಎಂದಳು ಅಜ್ಜಿ, ಕೆಲಸ ನಿಲ್ಲಿಸದೆ.

"ಕುಂದರಾಕ ಬಂದಿಲ್ಲ ಹುಲಿಗೆಮ್ಮಜ್ಜಿ. ಪಂಪಾವತಿನ್ನ ಸೈನ್ಸ್‌ಗೆ ಕಳಸ್ರಿ."

"ಆಗಂಗಿಲ್ಲ. ಒಬ್ಬವ ಹೋಗಿ ಬಂದಾನ. ದೀವಳಿಗಿ ದಾಟಲಿಲ್ಲ. ಊರಾಗ ಎಲ್ರೂ ನಕ್ರು. ಅವ ಗಂಡುಡುಗ, ಆಟೋ ಹಿಡ್ಕಂಡು ಬದುಕಿದ. ಈಕಿ ಏನ್ ಹಿಡಕೋಬೇಕು?"

ಮೇಡಂ ಬಳೆ ಏರಿಸಿದರು. ಮಾತಾಡುತ್ತಲೇ ಬಗ್ಗಿ ಒಂದು ಗೊನೆಯ ತುದಿ ಹಿಡಿದರು. ಅಜ್ಜಿ ಇನ್ನೊಂದು ತುದಿ ಹಿಡಿದಿದ್ದಳು. ಇಬ್ಬರೂ ಅದನ್ನು ಹೊತ್ತು ಟ್ರ್ಯಾಕ್ಟರಿನ ಕಡೆ ನಡೆದರು, ಹಿಂದೆ ನಾನು.

"ದೀವಳಿಗಿಗೆ ಈಕಿ ಪುಸ್ತಕ ಮಡಿಚಿಟ್ಟು ಮನ್ಯಾಗ ಕುಂತ್ರ ನಾನ ನೌಕರಿಗೆ ರಜಾ ಹಾಕಿ ಬಂದು ನಿಮ್ಮ ಜೋಡಿ ಬಾಳಿ ಹೊರ್ತೀನಿ. ಎಲ್ರ ಮುಂದ ಹೇಳಾಕತ್ತೀನಿ."

"ಟೀಚರಮ್ಮ, ಮೊದ್ಲ ಸೀರಿ ನೋಡ್ಕೋರಿ. ಬಾಳಿ ಹಾಲು ಬಿದ್ರ ಕರಿ ಕಲೆ. ಏನ್ ತೊಳದ್ರೂ ಹೋಗಂಗಿಲ್ಲ."

"ಹೋಗದಿದ್ರ ಇರ್ಲಿ."

ತೋಟದ ಹೆಂಗಸರೆಲ್ಲ ನಿಂತು ನೋಡುತ್ತಿದ್ದರು. ಅಜ್ಜಿ ಗೊನೆಯನ್ನು ಟ್ರ್ಯಾಕ್ಟರಿಗೆ ಒರಗಿಸಿ, ತಲೆಯ ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡಳು. "ದೀವಳಿಗಿ ತನಕ" ಎಂದಳು. ಮೇಡಂ ಅವರ ತಿಳಿಹಳದಿ ಸೀರೆಯ ಮಡಿಲ ತುಂಬ ಕಲೆಯಾಗಿತ್ತು. ಆ ಸೀರೆಯನ್ನು ಅವರು ಎಸೆಯಲಿಲ್ಲ, ಮುಚ್ಚಿಡಲೂ ಇಲ್ಲ. ಶಾಲೆಗೆ ವಾರಕ್ಕೊಮ್ಮೆಯಾದರೂ ಉಟ್ಟು ಬರುತ್ತಿದ್ದರು.

ಹೊಸಪೇಟೆಯ ಕಾಲೇಜಿನಲ್ಲಿ ಮೊದಲ ತಿಂಗಳು ನಾನು ಏನು ಕೇಳಿಸಿಕೊಂಡೆನೋ ದೇವರಿಗೇ ಗೊತ್ತು. ಉಪನ್ಯಾಸಕರು ಒಳ್ಳೆಯವರೇ. ಆದರೆ ಹೇಳುತ್ತ ಹೇಳುತ್ತ ಬೋರ್ಡು ತುಂಬಿಸಿ, ಒರೆಸಿ, ಮತ್ತೆ ತುಂಬಿಸುತ್ತಿದ್ದರು. ಪ್ರತಿ ಶಬ್ದವೂ ನನಗೆ ಬಿಡಿಬಿಡಿಯಾಗಿ ಗೊತ್ತಿತ್ತು, ಸೇರಿಸಿದರೆ ಏನೂ ಗೊತ್ತಿರಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ ಫೇಲಾದೆ. ಸಂಜೆ ಮನೆಗೆ ಬಂದು ಕಟ್ಟೆಯನ್ನು ದಾಟಿ ಒಳಗೆ ಹೋಗತೊಡಗಿದೆ. ಹೇಳಲು ಏನೂ ಇರಲಿಲ್ಲ.

ಅಜ್ಜಿ ಕೆಲವು ದಿನ ನೋಡಿದಳು. ಒಂದು ಸಂಜೆ ಕಟ್ಟೆಯಿಂದಲೇ ಕೂಗಿ ಕೇಳಿದಳು. "ಯಾಕ್ಲೇ ಪಂಪಿ, ಹೊಸಾ ಸಾಲ್ಯಾಗ ಪಾಠ ಮಾಡಂಗಿಲ್ಲೇನು?" ನಾನು ಕೊಡ ಎತ್ತಿಕೊಂಡು ನೀರಿಗೆ ಹೊರಟರೆ ಹಿಂದಿನಿಂದ ಮತ್ತೆ ಕೂಗಿದಳು. "ನಿಮ್ಮ ಟೀಚರಮ್ಮಗ ಹೇಳು. ತೋಟದಾಗ ಒಂದಾಳು ಕಮ್ಮಿ ಐತಿ, ಬಂದ್ಬಿಡ್ರಿ ಅಂತ."

ಆ ಮಾತು ಎದೆಗೆ ನಾಟಿತು. ನಾನು ಫೇಲಾದದ್ದಕ್ಕಿಂತ ಮೇಡಂ ತಲೆಯ ಮೇಲೆ ಬಾಳೆಗೊನೆ ಇರುವುದು ಕಣ್ಣಿಗೆ ಕಟ್ಟಿತು. ಮರುದಿನ ಕಾಲೇಜು ಬಿಟ್ಟ ಮೇಲೆ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ನಮ್ಮೂರ ಕಡೆಯಿಂದ ಬರುವ ಬಸ್ಸಿನಿಂದ ಮೇಡಂ ಇಳಿದರು. ನನ್ನ ಮುಖ ನೋಡಿದವರೇ ಸಮಾಧಾನದ ಮಾತು ಒಂದೂ ಆಡಲಿಲ್ಲ. ಸಿಮೆಂಟಿನ ಬೆಂಚಿನ ಮೇಲೆ ಕೂತು, "ಇವತ್ತೇನ್ ಪಾಠ? ಕಟ್ಟಿ ಮಾತಿನ್ಯಾಗ ಹೇಳು" ಎಂದರು.

"ನನಗ ತಿಳಿದಿಲ್ರಿ ಮೇಡಂ. ಹೊಳಿ ದಾಟೋ ದೋಣಿ ಲೆಕ್ಕ ಅದು. ವೇಗಕ್ಕ ದಿಕ್ಕು ಇರ್ತೈತಂತ. ಎರಡು ಬಾಣ ಹಾಕಿ ಮೂರನೇದು ತಗೀತಾರ. ಯಾಕ ತಗೀತಾರೋ ಗೊತ್ತಿಲ್ಲ."

"ಬಾಣ ಬಿಡು. ತಳವಾರಘಟ್ಟದಾಗ ಹರಿಗೋಲು ಹತ್ತೀಯಿಲ್ಲ? ಆನೆಗುಂದಿ ದಡದಾಗ ಎದುರಿಗೆ ಒಂದು ಕಲ್ಲು ಐತಿ ಅನ್ಕೋ. ಹರಿಗೋಲಿನಾವ ಅಲ್ಲಿಗೆ ಮುಟ್ಟಬೇಕು. ಯಾವ ಕಡಿಗೆ ಹುಟ್ಟು ಹಾಕ್ತಾನ?"

"ಕಲ್ಲಿನ ಕಡಿಗೆ ಹಾಕಂಗಿಲ್ಲ" ಎಂದೆ. "ಮ್ಯಾಲಿನ ಕಡಿಗೆ ಹಾಕ್ತಾನ. ಹೊಳಿ ಅವನ್ನ ಕೆಳಕ್ಕ ಎಳೀತಿರ್ತೈತಿ. ಅವನು ಮ್ಯಾಲಕ್ಕ, ಹೊಳಿ ಕೆಳಕ್ಕ, ಎರಡೂ ಕೂಡಿ ಸೀದಾ..." ಮೂರನೆಯ ಬಾಣ ಯಾವುದೆಂದು ಆಗ ಕಂಡಿತು.

ಮೇಡಂ ಬಳೆ ಏರಿಸಿದರು. "ಈಗ ಪುಸ್ತಕದ ಮಾತು." ಹೇಳಿದೆ. "ಇಂಗ್ಲಿಷ್." ತಡವರಿಸಿ ಹೇಳಿದೆ. ಅಂಗೈ ಕಿವಿಗೆ ಹೋಯಿತು. "ಕೇಳ್ಸಲಿಲ್ಲ." ಗಂಗಾವತಿ ಬಸ್ಸಿನ ಕೂಗು, ಹೂ ಮಾರುವವರ ಕೂಗು ಎಲ್ಲ ಮೀರುವಂತೆ ಜೋರಾಗಿ ಹೇಳಿದೆ. ನಮ್ಮೂರ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಜೋತು ಬಿದ್ದು, "ಮೇಡಂ, ರೈಟ್ ಹೇಳ್ಲೇನು, ಈಕಿ ಪಾಠ ಮುಗೀಲಿ ಅಂತೀರೇನು?" ಎಂದ.

"ಒಂದ ನಿಮಿಷ ನಿಂದ್ರಪ್ಪ, ದಡ ಮುಟ್ಟಾಕತ್ತೈತಿ" ಎಂದರು ಮೇಡಂ.

ಅಂದಿನಿಂದ ಕಾಲೇಜಿನ ದಿನಗಳಲ್ಲಿ ಆ ಬೆಂಚು ನಮ್ಮ ತರಗತಿ. ಅಲ್ಲಿ ತಿಳಿದದ್ದನ್ನು ನಾನು ಕಟ್ಟೆಗೆ ಒಯ್ಯುತ್ತಿದ್ದೆ, ಅಜ್ಜಿಯ ಪ್ರಶ್ನೆಯನ್ನು ಬೆಂಚಿಗೆ ತರುತ್ತಿದ್ದೆ. ದೀಪಾವಳಿ ಬಂತು, ಹೋಯಿತು. ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತಲಿಲ್ಲ. ಹಬ್ಬ ಕಳೆದ ಸೋಮವಾರ ಬೆಳಿಗ್ಗೆ ಅಜ್ಜಿ ರೊಟ್ಟಿ ಕಟ್ಟಿ ನನ್ನ ಚೀಲಕ್ಕೆ ಹಾಕಿ, "ಬಸ್ ಬರೋ ಹೊತ್ತಾತು" ಎಂದಳು.

ಪಿಯು ಮುಗಿಸಿದೆ, ಬಿಎಸ್ಸಿಗೆ ಸೇರಿದೆ. ಅಷ್ಟರಲ್ಲಿ ಮೇಡಂಗೆ ಸಂಡೂರಿನ ಕಡೆ ವರ್ಗವಾಯಿತು. ಅದಿರು ಲಾರಿಗಳ ದಾರಿಯ ಪಕ್ಕದ ಊರು, ಶಾಲೆಯ ಗೋಡೆಯೂ ಕೆಂಪು, ಮಕ್ಕಳ ಯೂನಿಫಾರ್ಮೂ ಕೆಂಪು ಎಂದು ಫೋನಿನಲ್ಲಿ ಹೇಳಿದ್ದರು. ಅಲ್ಲಿಯೂ ಸಮಿತಿಯವರು ಆಗುವುದಿಲ್ಲ ಎಂದರಂತೆ. ಅಲ್ಲಿಯೂ ಕರಿಹಲಗೆಗೆ ಎರಡು ಗೆರೆ ಬಿದ್ದವಂತೆ. ನಾನು ಓದಿದ ಶಾಲೆಯಲ್ಲೇ ಈಗ ಅತಿಥಿ ಶಿಕ್ಷಕಿ. ಎರಡು ಗೆರೆ ಎಳೆಯುವ ಕೆಲಸ ನನ್ನದು. ಚನ್ನಬಸಪ್ಪ ಸಾಹುಕಾರರ ಮೊಮ್ಮಗಳು ಹಳದಿ ವ್ಯಾನು ಬಿಟ್ಟು ಈಗ ನನ್ನ ಎದುರು ಕೂರುತ್ತಾಳೆ, ತಾತನ ಪ್ರಶ್ನೆ ಹೊತ್ತು ತರುತ್ತಾಳೆ. ಸಾಹುಕಾರರು ದಾರಿಯಲ್ಲಿ ಸಿಕ್ಕರೆ ಈಗಲೂ "ಆಗಂಗಿಲ್ಲವ್ವಾ ಇದು" ಎನ್ನುತ್ತಾರೆ, ಹಾಗೆನ್ನುತ್ತಲೇ ನಿನ್ನೆಯ ಪ್ರಶ್ನೆಗೆ ಉತ್ತರವನ್ನೂ ಕೇಳುತ್ತಾರೆ.

ಮೇಡಂ ನಿವೃತ್ತರಾಗಿ ಗದಗದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಫೋನು ಮಾಡಿದರೆ "ಕೇಳ್ಸಲಿಲ್ಲ" ಎನ್ನುತ್ತಾರೆ. ಈಗ ಅವರಿಗೆ ನಿಜವಾಗಿಯೂ ಕಿವಿ ಮಂದ. ನಾನು ಅವರನ್ನು ಕಣ್ಣಾರೆ ಕಂಡ ಕೊನೆಯ ಸಲ ಸಂಡೂರಿನ ಆ ಶಾಲೆಯಲ್ಲೇ, ನನ್ನ ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ವಾರ.

ನಮ್ಮ ಮನೆತನದಲ್ಲಿ ಅಂಥ ಕಾಗದ ಬಂದದ್ದು ಅದೇ ಮೊದಲು. ಘಟಿಕೋತ್ಸವ, ಕರಿ ನಿಲುವಂಗಿ ಇವೆಲ್ಲ ನನಗೆ ಆಗಲಿಲ್ಲ. ಕಾಲೇಜಿನ ಕಚೇರಿಯ ಕಿಟಕಿಯಲ್ಲಿ ಕೈ ಹಾಕಿದೆ, ಒಳಗಿನವರು ಸಹಿ ಹಾಕಿಸಿಕೊಂಡು ತಲೆಯೆತ್ತದೆ ಕೊಟ್ಟರು. ಅಜ್ಜಿ, "ಮೊದ್ಲ ಟೀಚರಮ್ಮಗ ತೋರ್ಸಬೇಕು, ನಡೀ" ಎಂದು ಹೊಸ ಸೀರೆ ಉಟ್ಟು ನನಗಿಂತ ಮೊದಲು ಬಸ್ ಹತ್ತಿದಳು.

ನಾವು ಹೋದಾಗ ಮೇಡಂ ತರಗತಿಯಲ್ಲಿದ್ದರು. ಉಟ್ಟದ್ದು ಅದೇ ತಿಳಿಹಳದಿ ಸೀರೆ. ಕಲೆಗಳು ಹಾಗೇ ಇದ್ದವು. ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ಕನ್ನಡದ ಸಾಲು, ಇಂಗ್ಲಿಷಿನ ಸಾಲು ಎರಡನ್ನೂ ಓದಿದರು. "ಯಾರು ಕೊಟ್ರು ಇದನ್ನ?" ಎಂದು ಕೇಳಿದರು. ಕಿಟಕಿಯ ಸಂಗತಿ ಹೇಳಿದೆ.

"ಕಿಟಕ್ಯಾಗ ಕೊಟ್ಟದ್ದು ಕೊಟ್ಟಂಗಾಗಂಗಿಲ್ಲ" ಎಂದು ಬಳೆ ಏರಿಸಿದರು. ಮಕ್ಕಳನ್ನೆಲ್ಲ ಎಬ್ಬಿಸಿ ನಿಲ್ಲಿಸಿದರು. ಕಾಗದವನ್ನು ಅಜ್ಜಿಯ ಕೈಗಿಟ್ಟು, "ಹುಲಿಗೆಮ್ಮಜ್ಜಿ, ದಿನಾ ಪರೀಕ್ಷೆ ಮಾಡಿದಾಕಿ ನೀವು. ನೀವ ಕೊಡ್ರಿ" ಎಂದರು.

ಅಜ್ಜಿ ಸೆರಗಿನಿಂದ ಕೈ ಒರೆಸಿಕೊಂಡು ಅದನ್ನು ಹಿಡಿದಳು. ನಾನು ಕೈ ಚಾಚಿದೆ. ಅವಳು ಬಿಡಲಿಲ್ಲ.

"ಮೊದ್ಲ ಒಂದು ಪ್ರಶ್ನೆ" ಎಂದಳು. "ಇದು ಕೈಗೆ ಬಂದಾದ ಮ್ಯಾಲ ದಿನಾ ಸಂಜಿಕ ಬಂದು ನನ್ನ ಜೋಡಿ ಕಟ್ಟಿ ಮ್ಯಾಲ ಕುಂದರ್ತೀಯೋ ಇಲ್ಲೋ?"

"ಕುಂದರ್ತೀನಜ್ಜಿ."

"ಇಂಗ್ಲಿಷ್‌ನ್ಯಾಗ ಹೇಳು. ಟೀಚರಮ್ಮ ಕೇಳ್ಳಿ."

ಹೇಳಿದೆ. ದನಿ ಸಣ್ಣಗೆ ಬಂತು. ಮೇಡಂ ಅಂಗೈಯನ್ನು ಕಿವಿಗೆ ಹಿಡಿದರು. ಕೆಂಪು ಧೂಳು ಹಿಡಿದ ಯೂನಿಫಾರ್ಮಿನ ಮಕ್ಕಳೂ ಒಬ್ಬೊಬ್ಬರಾಗಿ ಅಂಗೈ ಕಿವಿಗೆ ಹಿಡಿದರು. ಮತ್ತೊಮ್ಮೆ ಹೇಳಿದೆ, ಹೊರಗಿನ ಲಾರಿಗಳ ಸದ್ದು ಮೀರುವ ಹಾಗೆ.

ಅಜ್ಜಿ ಕಾಗದವನ್ನು ನನ್ನ ಕೈಗೆ ಬಿಟ್ಟಳು. ಮೇಡಂ ಕಡೆ ತಿರುಗಿ, ಸೀರೆಯ ಕಲೆಯನ್ನು ಬೆರಳಿಂದ ಮುಟ್ಟಿ ನೋಡಿ, "ಹೋಗ್ಲಿ ಬಿಡ್ರಿ ಟೀಚರಮ್ಮ" ಎಂದಳು. "ಬಾಳಿ ಹೊರೋದು ನಿಮಗ ತಪ್ಪಿತು."